ಹಳೇ ಟೂಲ್ ಟ್ರಾಲಿಯ ಡ್ರಾ ಸಿಕ್ಕಿಹಾಕಿಕೊಂಡಿದೆಯೇ? ಜಗ್ಗುವ ಮುಂಚೆ ರೋಲರ್ ನೋಡಿ

ಈ ವಾರ ಗೊಬ್ಬರದ ಮಾತಿಲ್ಲ, ಹುಳದ ಮಾತೂ ಇಲ್ಲ. ಟೂಲ್ ಇಡುವ ಪೆಟ್ಟಿಗೆ ರಿಪೇರಿ ಹೇಳ್ತೀನಿ. ತೋಟಗಾರಿಕೆ ಓದಿದವನಿಗೆ ಕಬ್ಬಿಣದ ಪೆಟ್ಟಿಗೆ ಉಸಾಬರಿ ಯಾಕೆ ಅಂತ ಅನ್ನಿಸಬಹುದು. ಕಾರಣ ಇದೆ.

ಹೋದ ಬೇಸಿಗೆ, ಏಪ್ರಿಲ್ ತಿಂಗಳು. ನಮ್ಮ ತೋಟ ಬೋರನಕಣಿವೆಗೆ ಹತ್ತಿರ. ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಕಟ್ಟಿದ ಕಟ್ಟೆ ಪಕ್ಕದಲ್ಲೇ ಇದ್ದರೂ ನಮಗೆ ಕೊಳವೆಬಾವಿಯೇ ಗತಿ. ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಬಂತು, ಮೋಟಾರ್ ಎತ್ತಿಕೊಳ್ಳಲಿಲ್ಲ. ಸ್ಟಾರ್ಟರ್ ನೋಡೋಣ ಅಂದ್ರೆ ಮಲ್ಟಿಮೀಟರ್ ಇರೋದು ಟೂಲ್ ಟ್ರಾಲಿಯ ಮೂರನೇ ಡ್ರಾದಲ್ಲಿ. ಆ ಡ್ರಾ ಎರಡು ಬೆರಳಷ್ಟು ಬಂದು ನಿಂತುಬಿಡ್ತು. ನಮ್ಮ ಜೊತೆ ಕೆಲಸ ಮಾಡೋ ಹುಡುಗ, "ಬಿಡಣ್ಣ, ನಾನು ಎಳೀತೀನಿ" ಅಂದು ಎರಡೂ ಕೈ ಹಾಕಿ ಜಗ್ಗಿದ. ಡ್ರಾ ಬಂತು. ಪೂರ್ತಿ ಬಂತು. ಸ್ಪ್ಯಾನರು, ಸುತ್ತಿಗೆ ಎಲ್ಲಾ ಸೇರಿ ಇಪ್ಪತ್ತು ಕೆ.ಜಿ. ಇದ್ದ ಡ್ರಾ ಅವನ ಎಡಗಾಲ ಮೇಲೆ ಬಿತ್ತು. ಹೆಬ್ಬೆರಳ ಉಗುರು ಹೋಯ್ತು. ಹದಿನೈದು ದಿನ ಅವನು ಕೆಲಸಕ್ಕೆ ಬರಲಿಲ್ಲ. ಆ ದಿನಗಳ ಕೂಲಿ ಕೊಟ್ಟೆ, ಕೊಡಲೇಬೇಕಿತ್ತು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು, ಆ ರಾತ್ರಿ ತೋಟಕ್ಕೆ ನೀರಿಲ್ಲ. ಬೆಳಗ್ಗೆ ನೋಡಿದ್ರೆ ಸ್ಟಾರ್ಟರ್‌ನಲ್ಲಿ ಒಂದು ವೈರ್ ಸಡಿಲ ಆಗಿತ್ತು, ಅಷ್ಟೇ.

ಆ ಡ್ರಾ ಎರಡು ವರ್ಷದಿಂದ ಹಾಗೇ ಇತ್ತು. ಪ್ರತಿ ಸಲ ಬೈದುಕೊಂಡು ಎಳೀತಿದ್ದೆ, ಬೈದುಕೊಂಡು ಮುಚ್ಚುತ್ತಿದ್ದೆ. ತಪ್ಪು ನನ್ನದೇ. ಬಿಚ್ಚಿ ನೋಡಿದಾಗ ಕೆಟ್ಟಿದ್ದದ್ದು ಹೆಬ್ಬೆರಳ ಗಾತ್ರದ ಒಂದು ಪ್ಲಾಸ್ಟಿಕ್ ರೋಲರ್.

ಈ ಪೆಟ್ಟಿಗೆ ಎಲ್ಲಿಂದ ಬಂತು

ಕೆಳಗೆ ನಾಲ್ಕು ಗಾಲಿ, ಮೇಲೆ ಐದು ಡ್ರಾ, ದಪ್ಪ ತಗಡು, ಬೂದು ಬಣ್ಣ. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕಿದ್ದು. ಮಾರಿದವನು "ಇದು ಎಚ್‌ಎಂಟಿ ಮಾಲು ಸಾರ್" ಅಂದ. ತುಮಕೂರಿನ ಕೈಗಡಿಯಾರ ಕಾರ್ಖಾನೆ ನಮ್ಮ ಜಿಲ್ಲೆಯ ಹೆಮ್ಮೆಯಾಗಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚುವ ತೀರ್ಮಾನ ಆಯ್ತು, ತುಮಕೂರಿನ ಜಾಗ ಇಸ್ರೋ ಪಾಲಾಯ್ತು. ಅವತ್ತಿಂದ ನಮ್ಮ ಕಡೆ ಗುಜರಿಯಲ್ಲಿರೋ ಹಳೇ ಗಟ್ಟಿ ಕಬ್ಬಿಣ ಎಲ್ಲಾ ಎಚ್‌ಎಂಟಿದೇ! ನನ್ನ ಪೆಟ್ಟಿಗೆ ಮೇಲೆ ಚೀಟಿ ಇಲ್ಲ, ಮುದ್ರೆ ಇಲ್ಲ. ಯಾರದ್ದಾದರೂ ಆಗಿರಲಿ, ತಗಡು ಮಾತ್ರ ಚೆನ್ನಾಗಿದೆ.

ಇಂಥ ಪೆಟ್ಟಿಗೆಗಳು ಮೊದಲು ಹೆಸರು ಮಾಡಿದ್ದು ಅಮೆರಿಕದ ಗ್ಯಾರೇಜು, ಕಾರ್ಖಾನೆಗಳಲ್ಲಿ. ಓಹಾಯೋದ ಕೆನಡಿ ಕಂಪನಿ 1911ರಲ್ಲಿ, ಸ್ನ್ಯಾಪ್-ಆನ್ 1920ರಲ್ಲಿ ಶುರುವಾದವು. ಅಲ್ಲಿ ಐವತ್ತು ಅರವತ್ತು ವರ್ಷದ ಪೆಟ್ಟಿಗೆಯನ್ನು ರಿಪೇರಿ ಮಾಡಿ ಮೊಮ್ಮಕ್ಕಳು ಬಳಸ್ತಾರೆ. ನಮ್ಮಲ್ಲಿ ಹೆಚ್ಚಿನ ತೋಟಗಳಲ್ಲಿ ಟೂಲ್ ಇರೋದು ಗೊಬ್ಬರದ ಚೀಲದಲ್ಲಿ. ಡ್ರಿಪ್ ಪಂಚ್ ಬೇಕಂದ್ರೆ ಚೀಲ ಸುರಿಯಬೇಕು. ಚೀಲದಲ್ಲಿ ಕಳೆದುಹೋದ ಹದಿಮೂರರ ಸ್ಪ್ಯಾನರ್ ನಾನೊಬ್ಬನೇ ಎಷ್ಟು ಸಲ ಕೊಂಡಿದ್ದೀನೋ ಲೆಕ್ಕ ಇಟ್ಟಿಲ್ಲ. ಅದಕ್ಕೇ ಈ ಪೆಟ್ಟಿಗೆ ತಂದದ್ದು. ಆದರೆ ಡ್ರಾ ಸಲೀಸಾಗಿ ಬರದಿದ್ದರೆ ಏನಾಗತ್ತೆ ಗೊತ್ತಾ? ಬೇಕಾದ ಟೂಲನ್ನೆಲ್ಲ ಪೆಟ್ಟಿಗೆಯ ತಲೆ ಮೇಲೆ ಇಡೋಕೆ ಶುರು ಮಾಡ್ತೀವಿ. ಒಂದೇ ತಿಂಗಳಲ್ಲಿ ಮತ್ತೆ ಚೀಲದ ಸ್ಥಿತಿಗೇ ಬರ್ತೀವಿ.

ಡ್ರಾ ನಡೆಯೋದು ಹೇಗೆ

ಇದು ಗೊತ್ತಿದ್ರೆ ಅರ್ಧ ರಿಪೇರಿ ಮುಗಿದ ಹಾಗೆ. ಹಳೇ ಪೆಟ್ಟಿಗೆಗಳಲ್ಲಿ ಪ್ರತಿ ಡ್ರಾಗೆ ಎಡಕ್ಕೆ ಎರಡು, ಬಲಕ್ಕೆ ಎರಡು, ಒಟ್ಟು ನಾಲ್ಕು ರೋಲರ್. ಪೆಟ್ಟಿಗೆಯ ಒಳಗೋಡೆಗೆ ಒಂದು ಚಾನೆಲ್ ಇರತ್ತೆ, ತಗಡನ್ನು ಮೇಲೆ ಕೆಳಗೆ ಮಡಚಿ ಮಾಡಿದ ಗಾಡಿ ಹಾದಿ ಥರ. ಡ್ರಾದ ಪಕ್ಕಕ್ಕೂ ಅಂಥದ್ದೇ ಒಂದು ಚಾನೆಲ್. ಪೆಟ್ಟಿಗೆಯ ಬಾಯಿ ಹತ್ತಿರ ಒಂದು ರೋಲರ್, ಅದರ ಮೇಲೆ ಡ್ರಾದ ಚಾನೆಲ್ ಓಡತ್ತೆ. ಡ್ರಾದ ಹಿಂತುದಿಯಲ್ಲಿ ಇನ್ನೊಂದು ರೋಲರ್, ಅದು ಪೆಟ್ಟಿಗೆಯ ಚಾನೆಲ್ ಒಳಗೆ ಓಡತ್ತೆ.

ಡ್ರಾ ಒಳಗಿದ್ದಾಗ ಹಿಂದಿನ ರೋಲರ್ ಚಾನೆಲ್‌ನ ಕೆಳತುಟಿ ಮೇಲೆ ಕೂತಿರತ್ತೆ. ಹೊರಗೆ ಎಳೆದ ಹಾಗೆ ಡ್ರಾದ ಮೂಗು ಕೆಳಗೆ ಬಾಗತ್ತೆ, ಬಾಲ ಮೇಲೇಳತ್ತೆ. ಆಗ ಅದೇ ರೋಲರ್ ಮೇಲ್ತುಟಿಗೆ ಒತ್ತಿಕೊಂಡು ಓಡತ್ತೆ. ಅಂದ್ರೆ ರೋಲರ್ ಒಂದು ಸಲಕ್ಕೆ ಒಂದೇ ಕಡೆ ಮುಟ್ಟಬೇಕು. ಎರಡೂ ತುಟಿಗೆ ಒಟ್ಟಿಗೆ ಮುಟ್ಟಿದ್ರೆ ಉರುಳೋಕೆ ಸಾಧ್ಯವಿಲ್ಲ, ಒಂದು ಕಡೆ ಉಜ್ಜಿಕೊಂಡೇ ಹೋಗಬೇಕು. ಇದನ್ನು ನೆನಪಿಟ್ಕೊಳ್ಳಿ, ನಾನು ಮರೆತು ಕೆಟ್ಟೆ. ಮುಂದೆ ಹೇಳ್ತೀನಿ.

ಈಗ ಸ್ವಲ್ಪ ಲೆಕ್ಕ. ಏತದಲ್ಲಿ ನೀರೆತ್ತಿದ ಅಜ್ಜಂದಿರಿಗೆ ಇದು ಹೇಳಿಕೊಡಬೇಕಿರಲಿಲ್ಲ. 45 ಸೆಂ.ಮೀ. ಉದ್ದದ ಡ್ರಾದಲ್ಲಿ 20 ಕೆ.ಜಿ. ಸಾಮಾನು ಸಮನಾಗಿ ಹರಡಿದೆ ಅಂದ್ಕೊಳ್ಳಿ. ಮುಚ್ಚಿದಾಗ ನಾಲ್ಕು ರೋಲರ್‌ಗೂ ತಲಾ 5 ಕೆ.ಜಿ. ಬೀಳತ್ತೆ. 35 ಸೆಂ.ಮೀ. ಹೊರಗೆ ಎಳೆದ್ರೆ ಒಳಗೆ ಉಳಿಯೋದು ಬರೀ 10 ಸೆಂ.ಮೀ. ಭಾರದ ನಡುಬಿಂದು ಮುಂದಿನ ರೋಲರ್‌ನಿಂದ 12.5 ಸೆಂ.ಮೀ. ಆಚೆ ಹೋಗಿರತ್ತೆ. ಆಗ ಹಿಂದಿನ ಜೋಡಿ 25 ಕೆ.ಜಿ. ಬಲದಲ್ಲಿ ಮೇಲಕ್ಕೆ ಒತ್ತತ್ತೆ. ಮುಂದಿನ ಜೋಡಿ ಮೇಲೆ 20ಕ್ಕೆ 25 ಸೇರಿ 45 ಕೆ.ಜಿ., ಅಂದ್ರೆ ಒಂದೊಂದು ರೋಲರ್‌ಗೆ 22.5 ಕೆ.ಜಿ. ಐದು ಹೊರುತ್ತಿದ್ದ ರೋಲರ್ ಈಗ ನಾಲ್ಕೂವರೆ ಪಟ್ಟು ಹೊರಬೇಕು. ಮೇಲಿಂದ ನಾವು ಜಗ್ಗೋದು ಬೇರೆ. ಹಳೇ ಪೆಟ್ಟಿಗೆಗಳಲ್ಲಿ ಮುಂದಿನ ರೋಲರೇ ಮೊದಲು ಹೋಗೋದಕ್ಕೆ ಇದೇ ಕಾರಣ.

ಬಿಚ್ಚುವ ಮುಂಚೆ

ಮೊದಲು ಪೆಟ್ಟಿಗೆಯನ್ನು ಸಮನಾದ ನೆಲಕ್ಕೆ ತಳ್ಳಿ. ತಮಾಷೆಯಲ್ಲ. ನಮ್ಮ ಪಂಪ್‌ಹೌಸ್, ತೋಟದ ಮನೆಗಳಲ್ಲಿ ನೆಲ ಒಂದೊಂದು ಕಡೆ ಒಂದೊಂದು ಥರ. ಒಂದು ಗಾಲಿ ಗುಂಡಿಯಲ್ಲಿದ್ರೆ ಇಡೀ ಪೆಟ್ಟಿಗೆ ತಿರುಚಿಕೊಳ್ಳತ್ತೆ, ಎಡ ಚಾನೆಲ್ ಬಲ ಚಾನೆಲ್ ಸಮಾನಾಂತರ ಇರೋದಿಲ್ಲ, ಒಳ್ಳೇ ರೋಲರ್ ಇದ್ದರೂ ಡ್ರಾ ಸಿಕ್ಕಿಹಾಕಿಕೊಳ್ಳತ್ತೆ. ಡ್ರಾ ಬಾಯಿಯ ಎರಡೂ ಕರ್ಣಗಳನ್ನು ಟೇಪ್ ಹಿಡಿದು ಅಳೆಯಿರಿ. ಎರಡಕ್ಕೂ ವ್ಯತ್ಯಾಸ ಬಂದ್ರೆ ತಿರುಚಿದೆ ಅಂತಲೇ ಅರ್ಥ. ನಾನು ಗಾಲಿಗಳ ಕೆಳಗೆ ಕಡಪ ಕಲ್ಲು ಹಾಸಿದ ಮೇಲೆ ಐದರಲ್ಲಿ ಎರಡು ಡ್ರಾ ಏನೂ ಮಾಡದೆ ಸರಿಹೋದವು.

ಆಮೇಲೆ ಡ್ರಾಗಳನ್ನು ಖಾಲಿ ಮಾಡಿ, ಮೇಲಿನದರಿಂದ ಶುರು ಮಾಡಿ ಒಂದಾದ ಮೇಲೆ ಒಂದು. ಎರಡು ಡ್ರಾ ಒಟ್ಟಿಗೆ ಹೊರಗೆ ಎಳೆಯಬೇಡಿ. ಭಾರ ಮುಂದಕ್ಕೆ ಬಂದು ಪೆಟ್ಟಿಗೆ ಇಡಿಯಾಗಿ ಮುಖದ ಮೇಲೆ ಬೀಳತ್ತೆ, ಕಾಲು ಅಲ್ಲ ಎದೆಗೇ ಬೀಳತ್ತೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ರೆ ಡ್ರಾಗಳನ್ನು ಮೆಟ್ಟಿಲು ಮಾಡ್ಕೊಂಡು ಹತ್ತುತ್ತವೆ. ಪೆಟ್ಟಿಗೆಯ ಹಿಂಬದಿಯನ್ನು ಗೋಡೆಗೆ ಒಂದು ಕೊಂಡಿ ಹಾಕಿ ಕಟ್ಟಿಬಿಡಿ.

ಸಿಕ್ಕಿಹಾಕಿಕೊಂಡಿರೋ ಡ್ರಾವನ್ನು ಜಗ್ಗಬೇಡಿ. ಅದರ ಕೆಳಗಿನ ಡ್ರಾ ತೆಗೆದು, ಆ ಸಂದಿಯೊಳಗೆ ಫೋನ್ ತೂರಿಸಿ, ಟಾರ್ಚ್ ಹಾಕಿ ವಿಡಿಯೋ ಮಾಡಿ. ಇನ್ನೊಬ್ಬರು ನಿಧಾನ ಆಡಿಸ್ತಾ ಇರಲಿ. ಸ್ಲೋ ಮೋಷನ್ ಇದ್ರೆ ಇನ್ನೂ ಒಳ್ಳೇದು. ಯಾವ ರೋಲರ್ ಉರುಳ್ತಾ ಇದೆ, ಯಾವುದು ತಿರುಗದೆ ಜಾರ್ತಾ ಇದೆ ಅಂತ ಸ್ಪಷ್ಟ ಕಾಣತ್ತೆ. ನನ್ನ ಮೂರನೇ ಡ್ರಾದಲ್ಲಿ ಬಲಗಡೆ ಮುಂದಿನದ್ದು ತಿರುಗುತ್ತಲೇ ಇರಲಿಲ್ಲ. ತಿರುಗದೆ ಉಜ್ಜಿ ಉಜ್ಜಿ ಒಂದು ಕಡೆ ಚಪ್ಪಟೆ ಆಗಿತ್ತು, ಕೊನೆಗೆ ಬಿರುಕು ಬಿಟ್ಟು ಅರ್ಧ ಚೂರು ಚಾನೆಲ್‌ಗೆ ಅಡ್ಡ ಸಿಕ್ಕಿತ್ತು.

ಡ್ರಾ ಹೊರತೆಗೆಯೋದು ಸುಲಭ. ಕೊನೆವರೆಗೆ ಎಳೆದು ಮೂಗನ್ನು ಸ್ವಲ್ಪ ಮೇಲೆತ್ತಿದ್ರೆ ಹಿಂದಿನ ರೋಲರ್ ತಡೆ ದಾಟಿ ಈಚೆ ಬರತ್ತೆ. ಚೂರು ಅಡ್ಡ ಸಿಕ್ಕಿದ್ರೆ ಮೊದಲು ಕೆಳಗಿಂದ ತಂತಿ ಕೊಕ್ಕೆ ಹಾಕಿ ಅದನ್ನು ತೆಗೀರಿ. ಈಚಿನ ಪೆಟ್ಟಿಗೆಗಳಲ್ಲಿ ಗುಂಡುಗಳ ಮೇಲೆ ಓಡುವ ಟೆಲಿಸ್ಕೋಪಿಕ್ ಚಾನೆಲ್ ಇರತ್ತೆ. ಅದರಲ್ಲಿ ಎರಡೂ ಪಕ್ಕ ಕಪ್ಪು ಪ್ಲಾಸ್ಟಿಕ್ ನಾಲಿಗೆ ಇರತ್ತೆ, ಸಾಮಾನ್ಯವಾಗಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಿ ಎಳೀಬೇಕು. ತೆಗೆಯುವ ಮುಂಚೆ ಪ್ರತಿ ಹಂತದಲ್ಲೂ ಒಂದು ಫೋಟೋ. ಜೋಡಿಸೋವಾಗ ಎಡ ಬಲ ಮರೆಯೋದು ಗ್ಯಾರಂಟಿ.

ರೋಲರ್ ಯಾಕೆ ನಿಂತುಹೋಯ್ತು

ಇಲ್ಲಿ ನಮ್ಮ ಸೀಮೆಯದ್ದೇ ಒಂದು ಕಾರಣ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಟೂಲ್ ಪೆಟ್ಟಿಗೆ ಇರೋದೇ ಕಾಯಿ ಸುಲಿಯೋ ಜಾಗದಲ್ಲಿ, ಇಲ್ಲಾ ಕೊಬ್ಬರಿ ಅಟ್ಟದ ಕೆಳಗೆ. ಸಿಪ್ಪೆಯ ಪುಡಿ ಎಲ್ಲಾ ಕಡೆ ಹಾರಾಡ್ತಾ ಇರತ್ತೆ. ಅದು ಮಣ್ಣಿನ ಧೂಳಿನ ಥರ ಅಲ್ಲ. ಅದರೊಳಗೆ ನಾರು ಇದೆ, ನೀರು ಹೀರಿ ಹಿಡಿದಿಟ್ಕೊಳ್ಳೋ ಗುಣ ಇದೆ. ನರ್ಸರಿಯಲ್ಲಿ ನಾವು ಕೋಕೋಪೀಟ್ ಬಳಸೋದು ಇದೇ ಗುಣಕ್ಕಾಗಿ. ಗಿಡದ ಬೇರಿಗೆ ವರ, ಕಬ್ಬಿಣಕ್ಕೆ ಶಾಪ.

ಡ್ರಾ ಬಿಗಿ ಆಯ್ತು ಅಂದ ತಕ್ಷಣ ನಾವೆಲ್ಲ ಮಾಡೋದು ಏನು? ಎಣ್ಣೆ ಬಿಡೋದು, ಇಲ್ಲಾ ಗ್ರೀಸ್ ಮೆತ್ತೋದು. ಎರಡು ದಿನ ಜಾರತ್ತೆ. ಆಮೇಲೆ ಆ ಎಣ್ಣೆಗೆ ಸಿಪ್ಪೆ ಪುಡಿ ಅಂಟಿ ಸಗಣಿ ಬಗ್ಗಡದ ಹಾಗೆ ಆಗತ್ತೆ. ನಾರು ಪಿನ್ನಿಗೆ ಸುತ್ತಿಕೊಳ್ಳತ್ತೆ. ರೋಲರ್ ನಿಲ್ಲತ್ತೆ, ಜಾರಿ ಉಜ್ಜತ್ತೆ, ಚಪ್ಪಟೆಯಾಗತ್ತೆ. ನನ್ನ ಡ್ರಾದ ಪಿನ್ನಿನಿಂದ ಬ್ಲೇಡ್‌ನಲ್ಲಿ ಕೊಯ್ದು ತೆಗೆದ ನಾರಿನ ಉಂಡೆ ಕಡಲೆಕಾಳಿನಷ್ಟಿತ್ತು. ಎಣ್ಣೆ ಹಾಕಿದವನು ನಾನೇ!

ಸಿಕ್ಕಿದ ರೋಲರ್ ಒಡೆದಿಲ್ಲ, ಬರೀ ಕೊಳೆ ಅಂತಾದ್ರೆ ಸೀಮೆಎಣ್ಣೆ ಇಲ್ಲಾ ಡೀಸೆಲ್‌ನಲ್ಲಿ ಹಳೇ ಹಲ್ಲುಜ್ಜೋ ಬ್ರಷ್ ಅದ್ದಿ ತೊಳೆಯಿರಿ, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಹೊರಗೆ, ಗಾಳಿ ಆಡೋ ಕಡೆ, ಬೀಡಿ ಸಿಗರೇಟು ದೂರ ಇಟ್ಟು. ಬೆರಳಲ್ಲಿ ತಿರುಗಿಸಿದ್ರೆ ಎರಡು ಸುತ್ತು ತಾನಾಗಿ ತಿರುಗಬೇಕು. ಒಂದೇ ಜಾಗದಲ್ಲಿ ಪದೇಪದೇ ನಿಂತ್ರೆ ಚಪ್ಪಟೆ ಆಗಿದೆ ಅಂತ, ಅದನ್ನು ಬದಲಾಯಿಸಲೇಬೇಕು.

ಹೊಸ ರೋಲರ್: ಅಳತೆ ಮತ್ತು ಲೇತ್

ಹಳೇ ಪೆಟ್ಟಿಗೆಗೆ ಅಂಗಡಿಯಲ್ಲಿ ಸರಿಯಾದ ರೋಲರ್ ಸಿಗೋದು ಅಪರೂಪ. ಚಿಂತೆ ಬೇಡ. ಲೇತ್ ಇರೋ ಯಾವ ವರ್ಕ್‌ಶಾಪ್‌ನಲ್ಲಾದರೂ ನೈಲಾನ್ ರಾಡಿನಿಂದ ಕಡೆದು ಕೊಡ್ತಾರೆ. ಅಳತೆ ಸರಿ ಕೊಡೋದು ನಮ್ಮ ಕೆಲಸ.

ಕೆಟ್ಟ ರೋಲರ್ ಅಳೆಯಬೇಡಿ, ಅದು ಸವೆದಿರತ್ತೆ. ಅತಿ ಕಡಿಮೆ ಬಳಸುವ ಡ್ರಾದ ಹಿಂದಿನ ರೋಲರ್ ಅಳೆಯಿರಿ, ಅದೇ ಹೆಚ್ಚು ಕಡಿಮೆ ಮೂಲ ಅಳತೆ. ಹೊರವ್ಯಾಸ, ಅಗಲ, ತೂತು, ಮೂರನ್ನೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಆಮೇಲೆ ಚಾನೆಲ್‌ನ ಒಳ ಎತ್ತರವನ್ನೂ ಮೂರು ಜಾಗದಲ್ಲಿ ಅಳೆಯಿರಿ. ಕಾಗದದ ಮೇಲೆ ಚಿತ್ರ ಬರೆದು ಫೋಟೋ ತೆಗೆದು ಲೇತ್‌ನವರಿಗೆ ವಾಟ್ಸಾಪ್ ಮಾಡಿದ್ರೂ ಸಾಕು. ಜೊತೆಗೆ ಹಳೇದೊಂದು ಒಯ್ದರೆ ಇನ್ನೂ ಒಳ್ಳೇದು.

ನಾನು ಮಾಡಿದ ತಪ್ಪು ಈಗ ಹೇಳ್ತೀನಿ. ನನ್ನ ಚಾನೆಲ್‌ನ ಒಳ ಎತ್ತರ 22.5 ಮಿ.ಮೀ. ಡ್ರಾ ಲೊಡಲೊಡ ಅನ್ನಬಾರದು, ಬಿಗಿಯಾಗಿರಲಿ ಅಂತ ರೋಲರನ್ನು 22.4ಕ್ಕೆ ಕಡೆಸಿದೆ. ಲೇತ್ ಅಣ್ಣ "ಸ್ವಲ್ಪ ಲೂಸ್ ಬಿಡಪ್ಪ" ಅಂದ್ರು, ನಾನು ಓದಿದವನಲ್ವಾ, ಕೇಳಲಿಲ್ಲ. ಮೇ ತಿಂಗಳಲ್ಲಿ ಬೆಣ್ಣೆ ಥರ ಓಡ್ತು. ಉತ್ತರೆ ಮಳೆ ಹಿಡೀತು ನೋಡಿ, ನಾಲ್ಕೂ ರೋಲರ್ ಒಟ್ಟಿಗೆ ಮುಷ್ಕರ ಹೂಡಿದವು. ನೈಲಾನ್ ಗಾಳಿಯ ತೇವ ಹೀರಿ ಊದಿಕೊಳ್ಳತ್ತೆ. ಇಪ್ಪತ್ತೆರಡು ಮಿ.ಮೀ. ರೋಲರ್‌ನಲ್ಲಿ ಒಂದೆರಡು ಕೂದಲೆಳೆಯಷ್ಟೇ ಊದೋದು, ಆದರೆ ನಾನು ಬಿಟ್ಟಿದ್ದ ಜಾಗವೂ ಅಷ್ಟೇ ಇತ್ತು. ರೋಲರ್ ಎರಡೂ ತುಟಿಗೆ ಮುಟ್ಟಿತು, ಉರುಳೋದು ನಿಂತಿತು. ಮತ್ತೆ ಬಿಚ್ಚಿ 21.8ಕ್ಕೆ ಇಳಿಸಿದೆ. ಈಗ ಸ್ವಲ್ಪ ಸದ್ದು ಮಾಡತ್ತೆ, ಮಾಡಲಿ. ಚಾನೆಲ್‌ಗಿಂತ ಅರ್ಧದಿಂದ ಒಂದು ಮಿ.ಮೀ. ಕಡಿಮೆ ಇರಲಿ. ಒಂದು ಡ್ರಾದ ಎಡ ಬಲ ಎರಡೂ ಒಂದೇ ಅಳತೆ ಇರಬೇಕು, ಇಲ್ಲಾಂದ್ರೆ ಡ್ರಾ ಒಂದು ಕಡೆ ವಾಲತ್ತೆ. ಡೆಲ್ರಿನ್ ಅನ್ನೋ ಪ್ಲಾಸ್ಟಿಕ್ ರಾಡ್ ಸಿಕ್ಕಿದ್ರೆ ನೈಲಾನ್‌ಗಿಂತ ಅದು ಮೇಲು, ತೇವ ತೀರಾ ಕಡಿಮೆ ಹೀರತ್ತೆ.

ಇನ್ನು ಪಿನ್. ಹಳೇ ರೋಲರ್‌ಗಳನ್ನು ರಿವಿಟ್ ಹೊಡೆದು ಕೂರಿಸಿರ್ತಾರೆ. ರಿವಿಟ್ ತಲೆಯ ನಡುವೆ ಸೆಂಟರ್ ಪಂಚ್‌ನಲ್ಲಿ ಗುರುತು ಹೊಡೆದು, ಡ್ರಿಲ್ ಹಾಕಿ ತಲೆ ಮಾತ್ರ ತೆಗೀರಿ, ತಗಡಿನ ತೂತು ದೊಡ್ಡದಾಗದ ಹಾಗೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಆ ಜಾಗಕ್ಕೆ ಸುಮ್ಮನೆ ಒಂದು ಬೋಲ್ಟ್ ತೂರಿಸಿ ನಟ್ ಬಿಗಿಯೋಕೆ ಹೋಗಬೇಡಿ. ಎರಡು ತೊಂದರೆ. ನಟ್ ಬಿಗಿದ್ರೆ ರೋಲರ್ ಹಿಡಿದುಕೊಳ್ಳತ್ತೆ, ಸಡಿಲ ಬಿಟ್ರೆ ನಟ್ ಉದುರತ್ತೆ. ಮತ್ತೆ ಬೋಲ್ಟಿನ ಮರೆ ಅರದ ಹಾಗೆ ಕೆಲಸ ಮಾಡಿ ರೋಲರ್‌ನ ತೂತನ್ನು ಒಳಗಿಂದ ತಿನ್ನತ್ತೆ.

ಲೇತ್‌ನಲ್ಲೇ ಮೆಟ್ಟಿಲು ಪಿನ್ ಮಾಡಿಸಿ. ತಲೆ, ಆಮೇಲೆ ರೋಲರ್ ಕೂರುವ 6 ಮಿ.ಮೀ. ದಪ್ಪದ ನುಣುಪು ಭಾಗ, ಆಮೇಲೆ ತಗಡಿನೊಳಗೆ ಹೋಗುವ 5 ಮಿ.ಮೀ. ಮರೆಯ ಭಾಗ. ನುಣುಪು ಭಾಗದ ಉದ್ದ ರೋಲರ್‌ನ ಅಗಲಕ್ಕಿಂತ ಅರ್ಧ ಮಿ.ಮೀ. ಜಾಸ್ತಿ ಇರಲಿ. ನಟ್ ಎಷ್ಟು ಬಿಗಿದ್ರೂ ಅದು ಮೆಟ್ಟಿಲಿಗೆ ಬಂದು ನಿಲ್ಲತ್ತೆ, ರೋಲರ್ ಸ್ವತಂತ್ರವಾಗಿ ತಿರುಗತ್ತೆ. ಪ್ಲಾಸ್ಟಿಕ್ ಒಳಪಟ್ಟಿ ಇರೋ ನೈಲಾಕ್ ನಟ್ ಹಾಕಿದ್ರೆ ಅದುರಾಟಕ್ಕೂ ಬಿಚ್ಚೋದಿಲ್ಲ. ರೋಲರ್‌ನ ತೂತು 6.2 ಇದ್ರೆ ಸರಿ. ನನಗೆ ನಾಲ್ಕು ರೋಲರ್, ನಾಲ್ಕು ಪಿನ್, ಎಲ್ಲಾ ಸೇರಿ ಕಾಲಿಗೆ ಹಾಕಿಸಿದ ಬ್ಯಾಂಡೇಜಿನ ಖರ್ಚಿಗಿಂತ ಕಡಿಮೆ ಆಯ್ತು.

ಪ್ಲಾಸ್ಟಿಕ್ ಬದಲು ಬೇರಿಂಗನ್ನೇ ರೋಲರ್ ಮಾಡಬಹುದಾ ಅಂತ ಕೇಳ್ತೀರಿ. ಮಾಡಬಹುದು, ಭಾರದ ಡ್ರಾಗೆ ಒಳ್ಳೇದೂ ಹೌದು. 608 ನಂಬರ್ ಬೇರಿಂಗ್ ಒಳತೂತು 8, ಹೊರಗೆ 22, ಅಗಲ 7 ಮಿ.ಮೀ. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿ ಇರೋದು ಇದೇ, ಎಲ್ಲಾ ಕಡೆ ಸಿಗತ್ತೆ. ಚಾನೆಲ್ ಚಿಕ್ಕದಾಗಿದ್ರೆ 626 ನೋಡಿ, 6, 19, 6. ಇನ್ನೂ ಚಿಕ್ಕದು 625, ಅದು 5, 16, 5. ನಂಬರಿನ ಮುಂದೆ 2ಆರ್‌ಎಸ್ ಅಂತ ಇರೋದನ್ನೇ ಕೇಳಿ ತಗೊಳ್ಳಿ, ಎರಡೂ ಕಡೆ ರಬ್ಬರ್ ಸೀಲ್ ಇರತ್ತೆ. ಝಡ್‌ಝಡ್ ಅನ್ನೋದು ಬರೀ ತಗಡಿನ ಮುಚ್ಚಳ, ನಮ್ಮ ಸಿಪ್ಪೆ ಪುಡಿಗೆ ಸಾಲದು. ಬೆರಳಲ್ಲಿ ತಿರುಗಿಸಿದ್ರೆ ಝಡ್‌ಝಡ್ ಜಾಸ್ತಿ ಹೊತ್ತು ತಿರುಗತ್ತೆ, ಅದಕ್ಕೆ ಮರುಳಾಗಬೇಡಿ. ಬೇರಿಂಗ್‌ನ ಉಕ್ಕು ಚಾನೆಲ್ ತಗಡಿಗಿಂತ ಗಟ್ಟಿ, ಹಾಗಾಗಿ ತಗಡು ತೆಳ್ಳಗಿದ್ರೆ ಕಾಲಕ್ರಮೇಣ ಗೀರು ಬೀಳತ್ತೆ. ನಾನು ಮೂರನೇ ಡ್ರಾದ ಮುಂದಿನ ಜೋಡಿಗೆ ಮಾತ್ರ, ಪಿನ್ನಿನ ನುಣುಪು ಭಾಗ 8ಕ್ಕೆ ಮಾಡಿಸಿ, ಬೇರಿಂಗ್ ಹಾಕಿದ್ದೀನಿ. ಉಳಿದದ್ದು ನೈಲಾನ್.

ಹಳೇದೆಲ್ಲ ಕಿತ್ತು ಹೊಸ ಟೆಲಿಸ್ಕೋಪಿಕ್ ಚಾನೆಲ್ ಹಾಕೋ ಯೋಚನೆ ಇದ್ರೆ ಡ್ರಾ ಮತ್ತು ಗೋಡೆ ನಡುವಿನ ಸಂದಿ ಅಳೆಯಿರಿ. ಸಾಮಾನ್ಯ ಚಾನೆಲ್‌ಗೆ ಒಂದೊಂದು ಪಕ್ಕ ಅರ್ಧ ಇಂಚು, ಅಂದ್ರೆ 12.7 ಮಿ.ಮೀ. ಬೇಕು. ನನ್ನ ಪೆಟ್ಟಿಗೆಯಲ್ಲಿ ಅಷ್ಟಿಲ್ಲ. ತೆರೆದ ಗುಂಡುಗಳಿಗೆ ನಾರು ಸಿಕ್ಕಿದ್ರೆ ತೆಗೆಯೋದೂ ಕಷ್ಟ. ಮನೆಯ ಅಡುಗೆಕೋಣೆಗೆ ಅದು ಸರಿ, ಸುಲಿಯೋ ಜಾಗಕ್ಕೆ ಹಳೇ ರೋಲರೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಚಾನೆಲ್ ಮತ್ತು ತುಕ್ಕು

ಹೊಸ ರೋಲರ್ ಹಾಕೋ ಮುಂಚೆ ಚಾನೆಲ್ ಉದ್ದಕ್ಕೂ ಬೆರಳು ಆಡಿಸಿ. ಹಳ್ಳ, ಉಬ್ಬು, ಬಗ್ಗಿದ ತುಟಿ ಸಿಗತ್ತೆ. ನೇರ ಸುತ್ತಿಗೆ ಹೊಡೆದ್ರೆ ತಗಡು ಹಿಗ್ಗಿ ಇನ್ನೂ ಕೆಡತ್ತೆ. ಒಳಗೆ ಸರಿಯಾಗಿ ಕೂರುವ ಮರದ ತುಂಡು ಇಟ್ಟು, ಹೊರಗಿಂದ ಇನ್ನೊಂದು ಮರದ ತುಂಡಿನ ಮೇಲೆ ಹಗೂರಕ್ಕೆ ತಟ್ಟಿ. ವಯಸ್ಸಾದ ತೆಂಗಿನ ಮರದ ಹೊರಭಾಗದ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು, ಕಲ್ಲಿನಂತಿರತ್ತೆ. ಒಳತಿರುಳು ಬೇಡ, ಮೆತ್ತಗೆ.

ತುಕ್ಕನ್ನು ಎಮರಿ ಪೇಪರ್‌ನಲ್ಲಿ ತಿಕ್ಕೋವಾಗ ಪೇಪರ್ ನೆನೆಸಿಕೊಂಡೇ ತಿಕ್ಕಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲೇ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣ ಪುಡಿ ಮೂಗಿಗೆ ಹೋಗಬಾರದು, ತೊಳೆದ ನೀರು ತರಕಾರಿ ಮಡಿಗೂ ಹೋಗಬಾರದು. ಒರೆಸಿ, ಒಣಗಿಸಿ, ತೆಳ್ಳಗೆ ರೆಡ್ ಆಕ್ಸೈಡ್ ಹೊಡೆದ್ರೆ ಸಾಕು. ದಪ್ಪ ಹೊಡೆದ್ರೆ ರೋಲರ್ ಜಾಗ ತಿಂದುಬಿಡತ್ತೆ.

ಐದನೇ ಡ್ರಾ, ಅಂದ್ರೆ ಎಲ್ಲಕ್ಕಿಂತ ಕೆಳಗಿನದ್ದು, ಇದರ ಕಥೆ ಬೇರೆ. ಚಾನೆಲ್ ತುಕ್ಕು ಹಿಡಿದು ತೂತೇ ಬಿದ್ದಿತ್ತು, ಅಲ್ಲಲ್ಲಿ ತಾಮ್ರದ ಕೆಂಪು ಬಣ್ಣ. ತಲೆ ಕೆರ್ಕೊಂಡೆ. ಆಮೇಲೆ ನೆನಪಾಯ್ತು, ಸುಳಿಕೊಳೆಗೆ ಬೋರ್ಡೋ ಮಾಡೋಕೆ ತಂದ ಮೈಲುತುತ್ತದ ಪೊಟ್ಟಣ ಒಂದು ಮಳೆಗಾಲ ಪೂರ್ತಿ ಅಲ್ಲೇ ಇತ್ತು. ಮೈಲುತುತ್ತ ತೇವ ಸೇರಿದ ಕೂಡಲೇ ಕಬ್ಬಿಣ ತಿನ್ನತ್ತೆ, ಕಬ್ಬಿಣ ಕರಗಿದ ಜಾಗದಲ್ಲಿ ತಾಮ್ರ ಕೂರತ್ತೆ. ಬೋರ್ಡೋ ದ್ರಾವಣ ಕಬ್ಬಿಣದ ಬಕೆಟ್‌ನಲ್ಲಿ ಮಾಡಬೇಡಿ ಅಂತ ಹತ್ತು ಜನಕ್ಕೆ ಹೇಳಿದವನು ನಾನು. ಮೈಲುತುತ್ತ, ಉಪ್ಪು, ಗೊಬ್ಬರದ ಪೊಟ್ಟಣ, ಬ್ಯಾಟರಿ ಇವು ಯಾವುದೂ ಟೂಲ್ ಪೆಟ್ಟಿಗೆಯಲ್ಲಿ ಬೇಡ.

ಜೋಡಿಸಿದ ಮೇಲೆ

ಎಣ್ಣೆ ಹಾಕಬೇಡಿ ಅಂದೆ. ಹಾಗಾದ್ರೆ ಏನು ಹಾಕೋದು? ನೈಲಾನ್ ರೋಲರ್‌ಗೆ ಏನೂ ಬೇಡ. ಚಾನೆಲ್‌ಗೆ ಮೇಣದ ಬತ್ತಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಪಿನ್ನಿಗೆ ಪೆನ್ಸಿಲ್ ಸೀಸದ ಪುಡಿ ಚಿಟಿಕೆಯಷ್ಟು. ಇವೆರಡಕ್ಕೂ ಪುಡಿ ಅಂಟೋದು ಕಡಿಮೆ. ತುಕ್ಕು ಬಿಡಿಸೋ ಸ್ಪ್ರೇ ಡಬ್ಬಿಗಳು ಬಿಡಿಸೋಕೆ ಒಳ್ಳೇದು, ದಿನನಿತ್ಯ ಜಾರಿಸೋಕಲ್ಲ. ಬೇರಿಂಗ್ ಮೇಲೆ ಹೊಡೆದ್ರೆ ಸೀಲ್ ಸಂದಿಯಿಂದ ನುಗ್ಗಿ ಒಳಗಿನ ಗ್ರೀಸನ್ನೇ ತೊಳೆದುಬಿಡಬಹುದು.

ಈಗ ಮೊದಲು ಮಾಡಿದ ಲೆಕ್ಕಕ್ಕೆ ಬನ್ನಿ. ಡ್ರಾ 35 ಸೆಂ.ಮೀ. ಬದಲು 30ಕ್ಕೇ ನಿಲ್ಲುವ ಹಾಗೆ ಚಾನೆಲ್‌ನಲ್ಲಿ ಒಂದು ಬೋಲ್ಟ್ ಅಡ್ಡ ಹಾಕಿದೆ. ಒಳಗೆ 15 ಸೆಂ.ಮೀ. ಉಳಿಯತ್ತೆ. ಅಷ್ಟಕ್ಕೇ ಮುಂದಿನ ಜೋಡಿ ಮೇಲಿನ ಭಾರ 45ರಿಂದ 30 ಕೆ.ಜಿ.ಗೆ ಇಳೀತು. ಜೊತೆಗೆ ಸುತ್ತಿಗೆ, ದೊಡ್ಡ ಪೈಪ್ ರೆಂಚ್ ಎಲ್ಲಾ ಡ್ರಾದ ಹಿಂಭಾಗಕ್ಕೆ ಇಟ್ಟು, ಹಗುರದ ಮಲ್ಟಿಮೀಟರ್, ಟೆಸ್ಟರ್, ಡ್ರಿಪ್ ಪಂಚ್ ಮುಂದಕ್ಕೆ ಇಟ್ಟೆ. ಭಾರದ ನಡುಬಿಂದು 7.5 ಸೆಂ.ಮೀ. ಹಿಂದಕ್ಕೆ ಸರಿದ್ರೆ ಅದು ಸರಿಯಾಗಿ ರೋಲರ್ ಮೇಲೇ ಬರತ್ತೆ, ಆಗ ಮುಂದಿನ ಜೋಡಿಗೆ 20 ಕೆ.ಜಿ. ಮಾತ್ರ. ಒಂದು ಬೋಲ್ಟ್ ಹಾಕಿ, ಸಾಮಾನು ಜರುಗಿಸಿದ್ದಕ್ಕೆ ಭಾರ ಅರ್ಧಕ್ಕಿಂತ ಕೆಳಗೆ. ಆ ಬೋಲ್ಟ್ ಇರೋದರಿಂದ ಜಗ್ಗಿದರೂ ಡ್ರಾ ಕಳಚಿ ಬೀಳೋದಿಲ್ಲ. ಮಲ್ಟಿಮೀಟರ್ ಈಗ ಮೊದಲನೇ ಡ್ರಾಗೆ ಹೋಗಿದೆ, ಅದು ಬೇರೆ ಮಾತು.

ಕೆಳಗಿನ ಗಾಲಿಗಳಿಗೂ ನಾರು ಸುತ್ತಿರತ್ತೆ, ಒಮ್ಮೆ ಬ್ಲೇಡ್ ಹಾಕಿ ಬಿಡಿಸಿ. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ.

ಹುಡುಗನ ಉಗುರು ಮತ್ತೆ ಬಂದಿದೆ. ಮೂರನೇ ಡ್ರಾವನ್ನು ಈಗಲೂ ಪಕ್ಕಕ್ಕೆ ನಿಂತೇ ಎಳೀತಾನೆ. ಐದನೇ ಡ್ರಾದ ಚಾನೆಲ್ ಉಳಿಸೋಕೆ ಆಗಲಿಲ್ಲ, ಹೊಸ ತಗಡು ಬಗ್ಗಿಸಿ ಮಾಡಿಸಬೇಕು. ಕಾಯಿ ಕೆಡವೋ ಕೆಲಸ ಮುಗಿದ ಮೇಲೆ ಅದಕ್ಕೆ ಕೈ ಹಾಕ್ತೀನಿ. ಅಲ್ಲಿವರೆಗೆ ಅದರಲ್ಲಿ ಹಳೇ ಗೋಣಿತಾಟು ಬಿಟ್ಟು ಇನ್ನೇನೂ ಇಟ್ಟಿಲ್ಲ.